ಸ್ಫೆರೋಮೀಟರಿನ ಒಂದು ಗೆರೆ

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಗಾಜಿನ ಮೇಲಿಟ್ಟ ಉಬ್ಬು ಮಸೂರದಡಿ ಮೂಡುವ ಬೆಳಕಿನ ಬಳೆಗಳನ್ನು ಅಳೆದು ತರಂಗಾಂತರ ಕಂಡುಹಿಡಿಯುವ ನ್ಯೂಟನ್ನನ ಉಂಗುರಗಳ ಪ್ರಯೋಗ ನನ್ನ ಪಾಲಿಗೆ ಬಂದಾಗ, ಸೋಡಿಯಂ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ) ಎಂಬುದು ನಮಗೆಲ್ಲ ಬಾಯಿಪಾಠವಾಗಿತ್ತು. ನನ್ನ ಲೆಕ್ಕದಲ್ಲಿ ಬಂದದ್ದು 6188.

ತಪ್ಪು ಉಂಗುರಗಳಲ್ಲೇ ಇದೆಯೆಂದು ನಂಬಿ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಹೊರಗೆ ಹೋದಂತೆಲ್ಲ ಒತ್ತೊತ್ತಾಗುವ ಹಳದಿ, ಕಪ್ಪು ಬಳೆಗಳು. ತಿರುಪಿನ ಸಡಿಲಿಕೆ ಅಳತೆಯೊಳಗೆ ನುಸುಳದಂತೆ ಎಡದ ಕೊನೆಯಿಂದ ಬಲದ ಕೊನೆಯವರೆಗೆ ಒಂದೇ ದಿಕ್ಕಿನಲ್ಲಿ ತಿರುಗಿಸಿದೆ. ಹತ್ತನೆಯ ಉಂಗುರದ ವ್ಯಾಸ 0.486 ಸೆಂ.ಮೀ., ಇಪ್ಪತ್ತನೆಯದು 0.687, ಮೊದಲ ಸಲ ಬಂದದ್ದೂ ಇವೇ.

ಮೈಕ್ರೋಸ್ಕೋಪಿನೊಳಗಿನ ಅಡ್ಡಗೆರೆ ಉಂಗುರಗಳ ಕೇಂದ್ರದ ಮೇಲೆ ಹಾಯದಿರಬಹುದೆಂಬ ನನ್ನ ಅನುಮಾನವನ್ನು ಮೇಷ್ಟ್ರು ಕಾಗದದ ಮೇಲೆ ಚಿತ್ರ ಬರೆದು ಪರಿಹರಿಸಿದರು. ಕೇಂದ್ರ ತಪ್ಪಿದರೆ ನಾವು ಅಳೆಯುವುದು ವ್ಯಾಸವನ್ನಲ್ಲ, ಜ್ಯಾವನ್ನು, ಅಂದರೆ ಕೇಂದ್ರದಿಂದ ಪಕ್ಕಕ್ಕೆ ಸರಿದು ವೃತ್ತವನ್ನು ಕತ್ತರಿಸುವ ಗೆರೆಯನ್ನು. ಆದರೆ ಪ್ರತಿ ಉಂಗುರದಲ್ಲೂ ಜ್ಯಾದ ವರ್ಗವು ವ್ಯಾಸದ ವರ್ಗಕ್ಕಿಂತ ಒಂದೇ ಮೊತ್ತದಷ್ಟು ಕಡಿಮೆಯಿರುವುದರಿಂದ, ತರಂಗಾಂತರದ ಸೂತ್ರಕ್ಕಾಗಿ ಎರಡು ಉಂಗುರಗಳ ವರ್ಗಗಳನ್ನು ಒಂದರಿಂದೊಂದು ಕಳೆದಾಗ ಆ ಕೊರತೆ ತಾನಾಗಿ ಅಳಿಸಿಹೋಗುತ್ತದೆ. ಈ ಸೂತ್ರದ ಔದಾರ್ಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

“ಮಸೂರದ ವಕ್ರತಾ ತ್ರಿಜ್ಯ ಎಷ್ಟು ಬಂತಮ್ಮ?” ಎಂದರು.

“95.25 ಸೆಂಟಿಮೀಟರ್, ಸರ್. ಸ್ಫೆರೋಮೀಟರಿನಲ್ಲಿ ಒಮ್ಮೆ ನೋಡಿದೆ.”

“ಒಮ್ಮೆ ಮಾತ್ರವೇ?”

ವಕ್ರತಾ ತ್ರಿಜ್ಯವೆಂದರೆ ಮಸೂರದ ಮೇಲ್ಮೈ ಯಾವ ಗೋಳದ ತುಣುಕೋ ಆ ಗೋಳದ ತ್ರಿಜ್ಯ; ಅದಕ್ಕಾಗಿ ಉಬ್ಬನ್ನು ಅಳೆಯುವ, ಮೂರು ಕಾಲುಗಳ ನಡುವೆ ತಿರುಪಿನ ಕಾಲೊಂದಿರುವ ಉಪಕರಣವೇ ಸ್ಫೆರೋಮೀಟರ್. ಅದರ ಕಾಲುಗಳ ನಡುವಿನ ಅಂತರ 4 ಸೆಂ.ಮೀ.; ಮಸೂರದ ಉಬ್ಬು ನನಗೆ 28 ಗೆರೆ, ಅಂದರೆ 0.28 ಮಿ.ಮೀ. ಎಂದು ಸಿಕ್ಕಿತ್ತು. ಮೇಷ್ಟ್ರು ಸ್ಫೆರೋಮೀಟರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಬಾಗಿ ನೋಡೆಂದರು. ನಡುಗಾಲಿನ ಮೊನೆ ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಮುಟ್ಟಿದೊಡನೆ ತಿರುಪನ್ನು ನಿಲ್ಲಿಸಬೇಕು. ನಾನು ಅವಸರದಲ್ಲಿ ಇನ್ನೊಂದಿಷ್ಟು ತಿರುಗಿಸಿದ್ದರಿಂದ ಉಪಕರಣವೇ ಕೂದಲೆಳೆಯಷ್ಟು ಮೇಲೆದ್ದು, ಉಬ್ಬನ್ನು ಎಣಿಸಲು ಶುರುಮಾಡುವ ಆ ಸಮತಟ್ಟಿನ ಶೂನ್ಯವೇ ಕೆಳಗಿಳಿದು, ಉಬ್ಬು ಇದ್ದದ್ದಕ್ಕಿಂತ ಹೆಚ್ಚಾಗಿ ಕಂಡಿತ್ತು. ಉಬ್ಬು ಹೆಚ್ಚಿದಷ್ಟೂ ತ್ರಿಜ್ಯ ಕುಗ್ಗುತ್ತದೆ; ಸೂತ್ರದಲ್ಲಿ ವರ್ಗಗಳ ವ್ಯತ್ಯಾಸವನ್ನು ತ್ರಿಜ್ಯದಿಂದ ಭಾಗಿಸುವುದರಿಂದ, ತ್ರಿಜ್ಯ ಕುಗ್ಗಿದಷ್ಟೂ ತರಂಗಾಂತರ ಹಿಗ್ಗುತ್ತದೆ.

ಹತ್ತು ಸಲ ಅಳೆದೆ. ಹೆಚ್ಚು ಸಲ 27, ಕೆಲವೊಮ್ಮೆ 26 ಬಂತು. 27ಕ್ಕೆ ತರಂಗಾಂತರ 5967, 26ಕ್ಕೆ 5746; ಪುಸ್ತಕದ 5893 ಆ ಎರಡು ಗೆರೆಗಳ ನಡುವೆ, ಸ್ಫೆರೋಮೀಟರಿನ ಕಣ್ಣಿಗೆ ಬೀಳದ ಜಾಗದಲ್ಲಿತ್ತು. ಮೈಕ್ರೋಸ್ಕೋಪಿನಲ್ಲಿ ಸುಮಾರು ಶೇಕಡಾ 1ರಷ್ಟು ತಪ್ಪನ್ನು ತಪ್ಪಿಸಲು ಎರಡು ಗಂಟೆ ಕಣ್ಣು ನೋಯಿಸಿಕೊಂಡ ನಾನು, ಒಂದೇ ಗೆರೆಗೆ ಶೇಕಡಾ 4ರಷ್ಟು ತಪ್ಪು ತರುವ ಉಪಕರಣಕ್ಕೆ ಎರಡು ನಿಮಿಷವನ್ನೂ ಕೊಟ್ಟಿರಲಿಲ್ಲ.

ರೆಕಾರ್ಡಿನಲ್ಲಿ 5893 ಎಂದು ತಿದ್ದಿಕೊಳ್ಳುವುದು ಸುಲಭವಿತ್ತು. ನಾನು 5967 ಎಂದೇ ಬರೆದು, ಪಕ್ಕದಲ್ಲಿ ± 220 ಎಂದು ಸೇರಿಸಿ, ಮೇಷ್ಟ್ರ ರುಜುವಿಗೆ ಕೊಟ್ಟೆ.