ಹೀಟ್ ಪಂಪ್‌ಗೆ ಯಾವ ಆರ್‌ಸಿಸಿಬಿ? 30 ಮಿಲಿಆಂಪಿಯರ್ ಅಂದರೆ ಸಾಲದು

ಪಿಜಿ, ಹೋಟೆಲು, ಅಪಾರ್ಟ್‌ಮೆಂಟುಗಳ ತಾರಸಿಯಲ್ಲಿ ಬಿಸಿನೀರಿನ ಹೀಟ್ ಪಂಪ್ ಕೂರಿಸುವಾಗ ಅಂಗಡಿಯಲ್ಲಿ '30 ಮಿಲಿಆಂಪಿಯರ್ ಆರ್‌ಸಿಸಿಬಿ ಕೊಡಿ' ಎಂದು ಕೇಳಿ ತರುತ್ತಾರೆ. ಆರ್‌ಸಿಸಿಬಿ ಅಂದರೆ ಕರೆಂಟ್ ಅರ್ಥಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್; 30 ಮಿಲಿಆಂಪಿಯರ್ ಅದು ಬೀಳುವ ಸೋರಿಕೆಯ ಮಟ್ಟ, ಟೈಪ್ ಅಂದರೆ ಅದು ಎಂಥ ಸೋರಿಕೆಯನ್ನು ಗುರುತಿಸುತ್ತದೆ ಎಂಬುದು. ಟೈಪ್ ಯಾವುದೆಂದು ಕೇಳುವವರು ಕಡಿಮೆ. ಜೀವ ಉಳಿಯುವುದು ಆ ಟೈಪಿನ ಮೇಲೆ.

ಓವರ್‌ಲೋಡ್, ಶಾರ್ಟ್ ಆದಾಗ ಬೀಳುವ ಎಂಸಿಬಿ ಇದೆಯಲ್ಲ ಎನ್ನಬೇಡಿ. ಕಟ್ಟಡದ ಅರ್ಥಿಂಗ್ ಬರೀ ತನ್ನ ಅರ್ಥ್ ಪಿಟ್ ಮೇಲೆ ನಿಂತಿದ್ದು, ಅದರ ರೆಸಿಸ್ಟೆನ್ಸ್ 10 ಓಮ್ ಇದೆ ಎಂದುಕೊಳ್ಳಿ. ಫೇಸ್ ವೈರು ಪಂಪಿನ ಬಾಡಿಗೆ ತಾಗಿದರೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಸಿ20 (ಸಿ ಮಾದರಿಯ 20 ಆಂಪಿಯರ್) ಎಂಸಿಬಿ ತಕ್ಷಣ ಟ್ರಿಪ್ ಆಗಲು 100ರಿಂದ 200 ಆಂಪಿಯರ್ ಬೇಕು. ಅಲ್ಲಿ ಕಾಯುವುದು ಆರ್‌ಸಿಸಿಬಿ ಮಾತ್ರ.

ಇನ್ವರ್ಟರ್ ಪಂಪು (ಬೇಕಾದಂತೆ ವೇಗ ಬದಲಿಸಿಕೊಳ್ಳುವ ಪಂಪು) ಬಂದ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆ ಭಾಗದಲ್ಲಿ ಇನ್ಸುಲೇಷನ್ ಕೆಟ್ಟರೆ ಸೋರುವುದೂ ಡಿಸಿಯೇ. ಅದು ಆರ್‌ಸಿಸಿಬಿಯೊಳಗೆ ಸೋರಿಕೆ ಗುರುತಿಸುವ ಕಬ್ಬಿಣದ ಕೋರನ್ನು ಸ್ಯಾಚುರೇಟ್ ಮಾಡಿ, ಅಂದರೆ ಕಾಂತತ್ವದಿಂದ ತುಂಬಿಸಿಬಿಡುತ್ತದೆ. ಆಮೇಲೆ ಎಸಿ ಸೋರಿಕೆಯಾದರೂ ಆರ್‌ಸಿಸಿಬಿ ಅಲ್ಲಾಡುವುದಿಲ್ಲ. ಪಂಪ್ ನಿಲ್ಲಿಸಿ ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಟಕ್ಕನೆ ಬೀಳುತ್ತದೆ, ಎಲ್ಲ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ಇಳಿದು ಹೋಗುತ್ತಾರೆ.

ಆರ್‌ಸಿಸಿಬಿಯ ಮುಖ ನೋಡಿ. ಚೌಕದೊಳಗೆ ಬರೀ ಒಂದು ಅಲೆ ಇದ್ದರೆ ಟೈಪ್ ಎಸಿ: ಇನ್ವರ್ಟರ್ ಪಂಪಿಗೆ ಬೇಡವೇ ಬೇಡ. ಅಲೆಯ ಕೆಳಗೆ ಅರ್ಧ ಅಲೆಗಳಿದ್ದರೆ ಟೈಪ್ ಎ. 6 ಮಿಲಿಆಂಪಿಯರ್‌ವರೆಗೆ ನಯವಾದ (ಏರಿಳಿತವಿಲ್ಲದ) ಡಿಸಿ ತಡೆದುಕೊಳ್ಳುತ್ತದೆ, ಫಿಕ್ಸೆಡ್ ಸ್ಪೀಡ್ ಪಂಪಿಗೆ ಸಾಕು. ಸಿಂಗಲ್ ಫೇಸ್ ಇನ್ವರ್ಟರಿಗೆ ಟೈಪ್ ಎಫ್, ಅದರ ಮಿತಿ 10 ಮಿಲಿಆಂಪಿಯರ್. ಥ್ರೀ ಫೇಸ್ ಇನ್ವರ್ಟರಿಗೆ ಟೈಪ್ ಬಿ. ಅದರ ಮೇಲೆ ನೇರ ಗೆರೆ, ಅಡಿಯಲ್ಲಿ ತುಂಡು ಗೆರೆಯ ಗುರುತೂ ಇರುತ್ತದೆ. ತಯಾರಕರ ಮ್ಯಾನುಯಲ್ ಟೈಪ್ ಬಿ ಎಂದರೆ ಸಿಂಗಲ್ ಫೇಸಿಗೂ ಅದೇ. ಬೆಲೆ ಹಲವು ಪಟ್ಟು, ಆದರೂ ರಾಜಿ ಬೇಡ.

ಟೈಪ್ ಬಿ ಹಾಕಿದವರೂ ಎಡವುವ ಜಾಗ ಒಂದಿದೆ. 30 ಮಿಲಿಆಂಪಿಯರಿನ ಟೈಪ್ ಬಿ, ಟ್ರಿಪ್ ಆಗುವ ಮುನ್ನ 60 ಮಿಲಿಆಂಪಿಯರ್‌ವರೆಗೆ ಡಿಸಿ ಬಿಡಬಹುದು. ಅದರ ಹಿಂದೆ ಮೇನ್ ಡಿಬಿಯಲ್ಲಿ (ಲೈನುಗಳನ್ನು ಹಂಚುವ ಮುಖ್ಯ ಬೋರ್ಡಿನಲ್ಲಿ) ಟೈಪ್ ಎಸಿ ಇದ್ದರೆ ಇಡೀ ಕಟ್ಟಡದ ರಕ್ಷಣೆ ಕುರುಡಾಗುತ್ತದೆ. ಪಂಪಿನ ಲೈನನ್ನು ಮೇನ್ ಆರ್‌ಸಿಸಿಬಿಗಿಂತ ಮೊದಲೇ ಕವಲೊಡೆಸಿ, ಅದೇ ಡಿಬಿಯಲ್ಲೇ ಟೈಪ್ ಬಿ ಕೂರಿಸಿ, ಪ್ರತ್ಯೇಕ ಎಂಸಿಬಿ ಕೊಡಿ.

ಪದೇ ಪದೇ ಟ್ರಿಪ್ ಆಗುತ್ತಿದೆಯೇ? ಆರ್‌ಸಿಸಿಬಿ ತೆಗೆದುಹಾಕಬೇಡಿ, 100 ಮಿಲಿಆಂಪಿಯರಿನದಕ್ಕೂ ಬದಲಿಸಬೇಡಿ. ಮೊದಲು ಬ್ಯಾಕಪ್ ಹೀಟರಿನ ವೈರು ಬಿಚ್ಚಿ ನೋಡಿ. ತೇವ ಹಿಡಿದ ಕಾಯಿಲ್ ಸಾಮಾನ್ಯ ಕಾರಣ. ಆಮೇಲೆ ಪಂಪಿನ ನ್ಯೂಟ್ರಲ್ ಬೇರೆ ಲೈನಿನ ಜೊತೆ ಸೇರಿದೆಯೇ ಎಂದು ಹುಡುಕಿ. ಎರಡೂ ಸರಿಯಿದ್ದರೆ ಮಿಲಿಆಂಪಿಯರ್ ತೋರಿಸುವ ಲೀಕೇಜ್ ಕ್ಲಾಂಪನ್ನು ಫೇಸ್, ನ್ಯೂಟ್ರಲ್ ಎಲ್ಲವನ್ನೂ ಒಟ್ಟಿಗೆ ಸುತ್ತುವಂತೆ ಹಾಕಿ, ಅರ್ಥ್ ವೈರು ಮಾತ್ರ ಹೊರಗಿರಲಿ. ಪಂಪ್ ಓಡುವಾಗ 9 ಮಿಲಿಆಂಪಿಯರ್, ಅಂದರೆ 30ರ ಶೇಕಡಾ 30 ದಾಟಿದರೆ, ಆ ಆರ್‌ಸಿಸಿಬಿ ಮೇಲಿರುವ ಬೇರೆ ಲೋಡುಗಳನ್ನು ಬೇರ್ಪಡಿಸಿ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವ ಮುನ್ನ ಇನ್ವರ್ಟರ್ ಬೋರ್ಡಿನ ಸಂಪರ್ಕ ತಪ್ಪಿಸಿರಬೇಕು, 500 ವೋಲ್ಟಿಗೆ ಅದು ಸುಟ್ಟುಹೋಗಬಹುದು.