ಸೆಷನ್ ಉಳಿಯದಿದ್ದರೆ ಮೊದಲು ಐಡಿ ನೋಡ್ರಿ

ಇಳಕಲ್ ಸೀರೆ ಮಾರುವ ಒಂದು ಪಿಎಚ್‌ಪಿ ಸೈಟ್ ಇದೆ ಅಂದುಕೊಳ್ರಿ. ಗಿರಾಕಿ ಎರಡು ಸೀರೆ ಕಾರ್ಟ್‌ಗೆ ಹಾಕುತ್ತಾರೆ, ಮುಂದಿನ ಪುಟಕ್ಕೆ ಹೋದರೆ ಕಾರ್ಟ್ ಖಾಲಿ. ಎರರ್ ಏನೂ ಕಾಣುವುದಿಲ್ಲ. ತಕ್ಷಣ ಕೋಡ್ ತಿದ್ದಲು ಹೋಗಬ್ಯಾಡ್ರಿ. ಗಿರಾಕಿಯನ್ನು ಪುಟದಿಂದ ಪುಟಕ್ಕೆ ನೆನಪಿಡುವ ವ್ಯವಸ್ಥೆಯೇ ಸೆಷನ್. ಅದರ ಐಡಿ ಇರುವ ಕುಕಿ (ಸೈಟ್ ಇಟ್ಟ ಸಣ್ಣ ಗುರುತು) ಬ್ರೌಸರ್‌ನಲ್ಲಿ, ಮಾಹಿತಿ ಇರುವ ಫೈಲ್ ಸರ್ವರ್‌ನಲ್ಲಿ. ಕೊಂಡಿ ಎಲ್ಲಿ ಕಳಚಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್‌ನ ಕುಕೀಸ್‌ನಲ್ಲಿ ಪಿಎಚ್‌ಪಿಸೆಸ್‌ಐಡಿ ಎಂಬ ಕುಕಿಯಲ್ಲಿರುವ ಐಡಿ ಬರೆದಿಟ್ಟುಕೊಂಡು ಪುಟ ರಿಫ್ರೆಶ್ ಮಾಡ್ರಿ. ಐಡಿ ಬದಲಾದರೆ ಅಥವಾ ಕುಕಿಯೇ ಇಲ್ಲದಿದ್ದರೆ ಕುಕಿಯ ಬೆನ್ನು ಹತ್ತಬೇಕು. ಐಡಿ ಅದೇ ಇದ್ದು ಮಾಹಿತಿ ಮಾತ್ರ ಹೋಗಿದ್ದರೆ ಸರ್ವರ್ ಕಡೆ ನೋಡಬೇಕು. (ಸರ್ವರ್‌ಗೆ ಗೊತ್ತಿಲ್ಲದ ಐಡಿಯನ್ನು ಒಪ್ಪದ ಪಿಎಚ್‌ಪಿ ಸೆಟ್ಟಿಂಗ್ ಸ್ಟ್ರಿಕ್ಟ್ ಮೋಡ್ 1 ಇದ್ದರೆ ಸರ್ವರ್‌ನ ಫೈಲ್ ಅಳಿದಾಗಲೂ ಐಡಿ ಬದಲಾಗುತ್ತದೆ. ಪರೀಕ್ಷೆ ಮುಗಿಯುವ ತನಕ 0 ಇಡ್ರಿ.)

ಕುಕಿಯದೇ ತೊಂದರೆ ಆದರೆ, ಕನ್ನಡ ಪುಟಗಳಲ್ಲಿ ಮೊದಲ ಅನುಮಾನ ಬಿಒಎಂ (ಫೈಲ್‌ನ ಎನ್‌ಕೋಡಿಂಗ್ ಗುರುತು) ಮೇಲೆ. ಹಳೆಯ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಅಂತ ಸೇವ್ ಮಾಡಿದರೆ ಫೈಲ್‌ನ ತಲೆಗೆ ಕಣ್ಣಿಗೆ ಕಾಣದ 3 ಬೈಟ್ ಅಂಟಿಕೊಳ್ಳುತ್ತವೆ. ಸೆಷನ್ ಸ್ಟಾರ್ಟ್ ಆಗುವ ಮೊದಲೇ ಅವು ಬ್ರೌಸರ್‌ಗೆ ಹೋಗಿಬಿಟ್ಟರೆ ಕುಕಿಯ ಹೆಡರ್ ಹೊರಡುವುದೇ ಇಲ್ಲ. ನಮ್ಮ ಕಂಪ್ಯೂಟರ್‌ನಲ್ಲಿ ಔಟ್‌ಪುಟ್ ಬಫರಿಂಗ್ (ಔಟ್‌ಪುಟ್ ತಕ್ಷಣ ಕಳಿಸದೆ ತಡೆಹಿಡಿಯುವ ಸೆಟ್ಟಿಂಗ್) 4096 ಬೈಟ್ ಇದ್ದು, ಹೋಸ್ಟಿಂಗ್‌ನಲ್ಲಿ ಆಫ್ ಇದ್ದರೆ ಇಲ್ಲಿ ಓಡಿದ್ದು ಅಲ್ಲಿ ಓಡುವುದಿಲ್ಲ. ಎರರ್ ಲಾಗ್‌ನಲ್ಲಿ 'ಹೆಡರ್ಸ್ ಆಲ್ರೆಡಿ ಸೆಂಟ್' ಅಥವಾ 'ಹೆಡರ್ಸ್ ಹ್ಯಾವ್ ಆಲ್ರೆಡಿ ಬೀನ್ ಸೆಂಟ್' ಹುಡುಕ್ರಿ. ಔಟ್‌ಪುಟ್ ಯಾವ ಫೈಲ್‌ನ ಎಷ್ಟನೇ ಸಾಲಿನಿಂದ ಹೊರಟಿತು ಅಂತ ಕೆಲವು ಪಿಎಚ್‌ಪಿ ಆವೃತ್ತಿಗಳಲ್ಲಿ ಅದೇ ಹೇಳುತ್ತದೆ. ಸಾಲು 1 ಅಂದರೆ ಬಹುತೇಕ ಬಿಒಎಂ, ಇಲ್ಲವೇ ಪಿಎಚ್‌ಪಿ ಟ್ಯಾಗ್‌ಗಿಂತ ಮೊದಲಿನ ಖಾಲಿ ಜಾಗ. ವಿಎಸ್ ಕೋಡ್‌ನಲ್ಲಿ ಕೆಳಗಿನ ಪಟ್ಟಿಯ ಎನ್‌ಕೋಡಿಂಗ್ ಒತ್ತಿ, ಬಿಒಎಂ ಇಲ್ಲದ ಯುಟಿಎಫ್-8 ಆಗಿ ಮತ್ತೆ ಸೇವ್ ಮಾಡ್ರಿ.

ಹಣ ಕಟ್ಟಿ ಮರಳಿದಾಗ ಮಾತ್ರ ಲಾಗಿನ್ ಹೋಗುತ್ತಿದ್ದರೆ ಅದು ಬಹುತೇಕ ಸೇಮ್‌ಸೈಟ್ (ಬೇರೆ ಸೈಟ್‌ನಿಂದ ಬಂದಾಗ ಕುಕಿ ಕಳಿಸಬೇಕೇ ಎನ್ನುವ ನಿಯಮ) ತೊಂದರೆ. ಸೇಮ್‌ಸೈಟ್ ನಮೂದಿಸದ ಕುಕಿಯನ್ನು ಕ್ರೋಮ್ 2020ರಿಂದ ಲ್ಯಾಕ್ಸ್ ಎಂದೇ ಹಿಡಿಯುತ್ತದೆ, ಪೇಮೆಂಟ್ ಸೈಟ್‌ನಂಥ ಬೇರೆ ಸೈಟ್‌ನಿಂದ ಪೋಸ್ಟ್ ಆಗಿ (ಫಾರ್ಮ್ ಸಲ್ಲಿಸಿದ ಹಾಗೆ) ಬಂದರೆ ಕಳಿಸುವುದಿಲ್ಲ. ಹುಟ್ಟಿ 2 ನಿಮಿಷ ಆಗದ ಕುಕಿಗೆ ಮಾತ್ರ ವಿನಾಯಿತಿ. ಹಾಗಾಗಿಯೇ ಅವಸರದ ಪರೀಕ್ಷೆ ಪಾಸಾಗುತ್ತದೆ, ನಿಧಾನ ಸೀರೆ ಆರಿಸಿದ ಗಿರಾಕಿ ಸಿಕ್ಕಿಬೀಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆರ್ಡರನ್ನು ಸೆಷನ್‌ನಲ್ಲಿ ಇಡಲೇಬಾರದು. ಆರ್ಡರ್ ನಂಬರ್ ಹಿಡಿದು ಡೇಟಾಬೇಸ್‌ನಿಂದ ತೆಗೆಯಬೇಕು.

ಇನ್ನು ಸರ್ವರ್. ಉಬುಂಟುವಿನಲ್ಲಿ ಸೆಷನ್ ಫೈಲ್‌ಗಳ ಫೋಲ್ಡರ್‌ಗೆ ಅನುಮತಿ 1733 ಇರಬೇಕು. ಡಿಸ್ಕ್‌ನಲ್ಲಿ ಜಾಗ ಇದ್ದರೂ ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆ) ಮುಗಿದರೆ ಹೊಸ ಫೈಲ್ ಹುಟ್ಟುವುದಿಲ್ಲ, ಅದನ್ನೂ ನೋಡ್ರಿ. ಸುಮಾರು ಅರ್ಧ ತಾಸು ಸುಮ್ಮನೆ ಬಿಟ್ಟ ಮೇಲೆ ಹೋಗುತ್ತಿದ್ದರೆ ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ (ಹಳೆಯ ಸೆಷನ್ ಗುಡಿಸುವ ಮೊದಲಿನ ಅವಧಿ) ಕಾರಣ: ಮೊದಲೇ ಇರುವ ಅವಧಿ 1440 ಸೆಕೆಂಡ್, ಅಂದರೆ 24 ನಿಮಿಷ. ನೀವು ಹೆಚ್ಚಿಸಿದರೂ, ಅದೇ ಫೋಲ್ಡರ್ ಬಳಸುವ ಇನ್ನೊಂದು ಸೈಟ್‌ನಲ್ಲಿ ಈ ಅವಧಿ ಕಡಿಮೆ ಇದ್ದರೆ ಅದು ನಿಮ್ಮ ಫೈಲನ್ನೂ ಗುಡಿಸಿ ಹಾಕಬಹುದು. ಸೇವ್ ಪಾತ್ (ಸೆಷನ್ ಫೈಲ್ ಇಡುವ ಫೋಲ್ಡರ್) ಬೇರೆ ಮಾಡಿಕೊಳ್ರಿ.