ನಮ್ಮ ಗಾಳಿ ಲ್ಯಾಬಿನ ಮಂದಿ

ಅವ್ವನ ಕಸೂತಿ ದಾರದ ಡಬ್ಬಿ ಈಗ ನಮ್ಮ ಲ್ಯಾಬಿನಾಗ ಐತಿ. ಹೋದ ಸಲ ಗದಗಕ್ಕ ಹೋದಾಗ ಕೇಳಿ ಇಸ್ಕೊಂಡ್ ಬಂದೆ. ಆಕಿ ಮೊದ್ಲ ಕೊಡಾಕ ಒಪ್ಪಲಿಲ್ಲ, ಏರೋಸ್ಪೇಸ್ ಓದೋರಿಗೆ ದಾರ ಯಾಕ ಬೇಕವಾ ಅಂದ್ಲು. ಆಮ್ಯಾಲೆ ಫೋನಿನಾಗ ವಿಡಿಯೋ ತೋರಿಸಿದೆ. ರೆಕ್ಕಿ ಮ್ಯಾಲೆ ಎರಡೆರಡು ಸೆಂಟಿಮೀಟರ್ ದಾರದ ತುಂಡು ಸಾಲಾಗಿ ಅಂಟಿಸಿ ಗಾಳಿ ಬಿಟ್ರ, ಗಾಳಿ ರೆಕ್ಕಿಗೆ ಹತ್ತಿಕೊಂಡು ಹರಿಯೋ ಕಡೆ ದಾರ ಎಲ್ಲಾ ಎಣ್ಣಿ ಹಚ್ಚಿ ಬಾಚಿದ ಕೂದಲದಂಗ ಹಿಂದಕ್ಕ ಮಲಗ್ತಾವ, ಅದ ರೆಕ್ಕಿ ಮೂಗು ಮ್ಯಾಲೆತ್ತಕೋತ ಹೋದಂಗ ಒಂದು ಹಂತಕ್ಕ ಹಿಂದಿನ ಸಾಲಿನ ದಾರ ತಿರುಗಿ ಬಿದ್ದು ಒದ್ದಾಡಾಕ ಹತ್ತತಾವ. ಅಲ್ಲಿ ಗಾಳಿ ರೆಕ್ಕಿ ಕೈ ಬಿಟ್ಟೈತಿ ಅಂತ ಅರ್ಥ, ಅದಕ್ಕ ಸ್ಟಾಲ್ ಅಂತಾರ. ಅವ್ವ ವಿಡಿಯೋ ಎರಡು ಸಲ ನೋಡಿ, ಕೆಂಪು ಬಣ್ಣದ್ದು ತಗೋ, ಕಪ್ಪು ರೆಕ್ಕಿ ಮ್ಯಾಲೆ ಚಲೋ ಕಾಣ್ತೈತಿ ಅಂದ್ಲು. ಖರೇನೂ ಹಂಗ ಆತು.

ನಮ್ಮದು ಹುಬ್ಬಳ್ಳಿಯ ಸಣ್ಣ ಲ್ಯಾಬ್. ಒಂದು ವಿಂಡ್ ಟನೆಲ್ ಐತಿ, ಅಂದ್ರ ಒಳಗ ಮಾಡೆಲ್ ಇಟ್ಟು ದೊಡ್ಡ ಫ್ಯಾನಿಲೆ ಗಾಳಿ ಹರಿಸೋ ಸುರಂಗ, ಮಾಡೆಲ್ ಇಡೋ ಜಾಗ 60 ಸೆಂಟಿಮೀಟರ್ ಚೌಕ, ಸೆಕೆಂಡಿಗೆ 40 ಮೀಟರ್ ತನಕ ಗಾಳಿ ಬಿಡಬಹುದು. ಸಂಜಿ ಆರರ ಮ್ಯಾಲೆ ಓಡಸ್ತೇವಿ, ಹಗಲಿನಾಗ ಓಡಿಸಿದ್ರ ಆಜೂಬಾಜೂ ಕ್ಲಾಸ್ ನಡಿಯೂದಿಲ್ಲ ಅಷ್ಟು ಸಪ್ಪಳ. ನೆಂಟರು ಕೇಳೋದು ಒಂದ ಪ್ರಶ್ನಿ, ಯಾವ ವಿಮಾನ ಮಾಡಾಕತ್ತೀರಿ ಅಂತ. ವಿಮಾನ ಅಲ್ರಿ, ನಾನು ನೋಡೋದು ರೆಕ್ಕಿಗೆ ಅಂಟಿಕೊಂಡಿರೋ ಒಂದೆರಡು ಮಿಲಿಮೀಟರ್ ದಪ್ಪದ ಗಾಳಿ.

ಅದರಾಗ ಏನೈತಿ ಅಂತೀರೇನ? ನಿಮ್ಮ ಮನಿ ಫ್ಯಾನ್ ನೋಡ್ರಿ. ದಿನಾ ಅಷ್ಟು ಜೋರ್ ತಿರುಗಿದ್ರೂ ಅದರ ರೆಕ್ಕಿ ಮ್ಯಾಲೆ ಧೂಳು ಹೆಂಗ ಕೂಡ್ತೈತಿ? ಯಾಕಂದ್ರ ಮೈಗೆ ತಾಗಿದ ಗಾಳಿ ಆ ಮೈ ಜೋಡಿನ ಇರ್ತೈತಿ, ಅದರ ಮ್ಯಾಲೆ ಜಾರಿಕೊಂಡ್ ಹೋಗೂದಿಲ್ಲ. ಮೈಯಿಂದ ದೂರ ಸರದಂಗ ಗಾಳಿ ಸ್ವಲ್ಪ ಸ್ವಲ್ಪ ವೇಗ ತಗೋತೈತಿ, ಆ ತೆಳ್ಳನ ಪದರಕ್ಕ ಬೌಂಡರಿ ಲೇಯರ್ ಅಂತ ಹೆಸರು. 1904ರಾಗ ಜರ್ಮನಿಯ ಲುಡ್ವಿಗ್ ಪ್ರಾಂಟಲ್ ಇದನ್ನ ಹೇಳಿದ್ರು, ಅಲ್ಲಿತನಕ ಲೆಕ್ಕದಾಗ ಸಿಗದ ಎಷ್ಟೋ ವಿಷಯ ಆಮ್ಯಾಲೆ ಸಿಕ್ಕವು. ಈ ಪದರ ಮೊದ್ಲ ಶಾಂತ ಇರ್ತೈತಿ, ಮುಂದ ಹೋಗಿ ಗದ್ದಲ ಎಬ್ಬಿಸ್ತೈತಿ. ಶಾಂತ ಇದ್ರ ತಿಕ್ಕಾಟ ಕಡಿಮಿ ಆದ್ರ ಬೇಗ ದಣದು ರೆಕ್ಕಿ ಬಿಡ್ತೈತಿ, ಗದ್ದಲದ್ದು ತಿಕ್ಕಾಟ ಜಾಸ್ತಿ ಮಾಡಿದ್ರೂ ಗಟ್ಟಿ ಹಿಡದಿರ್ತೈತಿ. ಕ್ರಿಕೆಟ್ ಬಾಲ್ ಸ್ವಿಂಗ್ ಆಗೋದೂ ಇದರಿಂದನ, ಹೊಲಿಗಿ ಇದ್ದ ಬಾಜೂ ಗಾಳಿ ಗದ್ದಲಕ್ಕ ಬಿದ್ದು ಹೆಚ್ಚು ಹೊತ್ತು ಹಿಡಕೊಂಡಿರ್ತೈತಿ, ನುಣ್ಣನ ಬಾಜೂ ಬೇಗ ಬಿಡ್ತೈತಿ.

ಶಾಂತದಿಂದ ಗದ್ದಲಕ್ಕ ಹೋಗೋ ನಡುವಿನ ಆ ಜಾಗ ಐತಲ್ಲ, ಅದರ ಮ್ಯಾಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ ಸತೀಶ್ ಧವನ್ ಮತ್ತ ಅವರ ಶಿಷ್ಯ ರೊದ್ದಂ ನರಸಿಂಹ ಮಾಡಿದ ಕೆಲಸ 1958ರಾಗ ಪ್ರಕಟ ಆತು, ಇವತ್ತಿಗೂ ನಾವು ಅದನ್ನ ಓದಿ ಮುಂದ ಹೋಗ್ತೇವಿ. ಧವನ್ ಅಂದ್ರ ಮಂದಿಗೆ ಇಸ್ರೋ, ಶ್ರೀಹರಿಕೋಟಾ ನೆನಪಾಗ್ತೈತಿ, ನನಗ ಮಾತ್ರ ಗಾಳಿ ಸುರಂಗದ ಮುಂದ ನಿಂತ ಮಾಸ್ತರು ನೆನಪಾಗ್ತಾರ. ನಮ್ಮ ಗೈಡ್ ಮೇಡಂ ಇದನ್ನ ಕಲಿಸಿದ್ದು ನಾ ಮರಿಯೂದಿಲ್ಲ. ಮೊದಲ ಮಳಿ ಒಣ ಅಂಗಳದ ಮ್ಯಾಲೆ ಬೀಳೋದು ನೋಡೀಯಲ್ಲ, ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಕಲೆ ಆಗ್ತೈತಿ, ಕಲೆ ಅಗಲಾಕ್ಕೋತ ಒಂದಕ್ಕೊಂದು ಕೂಡಿ ಅಂಗಳ ಪೂರಾ ತೊಯ್ತೈತಿ, ಗದ್ದಲದ ಕಲೆಗಳೂ ಹಿಂಗ ಹುಟ್ಟಿ ಕೂಡ್ತಾವ ಅಂದ್ರು. ನೆಲದ ಮ್ಯಾಲೆ ಹನಿ ಇದ್ದಲ್ಲೇ ಇರ್ತೈತಿ, ಇಲ್ಲಿ ಅದು ಗಾಳಿ ಜೋಡಿ ಮುಂದ ಸರೀತಿರ್ತೈತಿ, ಅಷ್ಟ ಫರಕು.

ಲ್ಯಾಬಿನಾಗ ಒಬ್ಬೊಬ್ಬರದು ಒಂದೊಂದು ಹುಚ್ಚು. ರಾಣೆಬೆನ್ನೂರ ಕಡೆಯ ಸೀನಿಯರ್ ಅಣ್ಣ ಔಷಧ ಹೊಡಿಯೋ ಡ್ರೋನ್ ಹಿಂದ ಬಿದ್ದಾನ. ಆರು ರೆಕ್ಕಿ ಕೆಳಗ ತಳ್ಳೋ ಗಾಳಿ ಹನಿಗಳನ್ನ ಎಲಿ ಹಿಂಬದಿಗೆ ಮುಟ್ಟಸ್ತೈತೋ, ಇಲ್ಲಾ ಸಣ್ಣ ಹನಿ ಎಲ್ಲಾ ಬಾಜೂ ಹೊಲಕ್ಕ ಹಾರಿ ಹೋಗ್ತಾವೋ ಅನ್ನೋದು ಅವನ ಪ್ರಶ್ನಿ. ಅವರ ಮನಿ ಹೊಲದಾಗ ಮೆಣಸಿನಕಾಯಿ ಐತಿ, ಅದಕ್ಕ ಅವನಿಗೆ ಅದು ಬರೇ ಥೀಸಿಸ್ ಅಲ್ಲ. ಕಂಪ್ಯೂಟರಿನಾಗ ಲೆಕ್ಕ ಮಾಡೋ ಹುಡುಗ ಒಬ್ಬ ಅದಾನ, ರೆಕ್ಕಿ ಸುತ್ತಲಿನ ಗಾಳಿನ ಲಕ್ಷಗಟ್ಟಲೆ ಸಣ್ಣ ಚೌಕ ಮಾಡ್ತಾನ, ಅವನ ಲೆಕ್ಕ ನನ್ನ ಅಳತಿಗೆ ಕೂಡದಿದ್ದ ದಿನ ಇಬ್ಬರದೂ ಊಟ ತಡಾ.

ನಮ್ಮೂರ ಕಡೆಯಾಕಿ ಇನ್ನೊಬ್ಬಾಕಿ, ಕಪ್ಪತಗುಡ್ಡದ ಗಾಳಿಯಂತ್ರ ನೋಡಕೋತ ಬೆಳದಾಕಿ, ಅದನ್ನ ಓದಾಕತ್ತಾಳ. ಆ ರೆಕ್ಕಿ ದೂರದಿಂದ ಸಾವಕಾಶ ತಿರುಗಿದಂಗ ಕಾಣ್ತಾವ ಖರೆ, ಆದ್ರ ತುದಿ ತಾಸಿಗೆ 250 ಕಿಲೋಮೀಟರ್ ಸುತ್ತಮುತ್ತ ಓಡಿರ್ತೈತಿ. ಗಾಳಿ ವೇಗ ಎರಡರಷ್ಟಾದ್ರ ಅದರಾಗಿನ ಶಕ್ತಿ ಎಂಟರಷ್ಟು ಆಗ್ತೈತಿ, ಹಂಗಾಗಿನ ಗುಡ್ಡದ ಮ್ಯಾಲಿನ ಗಾಳಿಗೆ ಅಷ್ಟು ಬೆಲೆ. ಅದ್ರಾಗ ಎಷ್ಟ ಚಲೋ ಯಂತ್ರ ಇದ್ರೂ 59.3 ಪರ್ಸೆಂಟಿಗಿಂತ ಜಾಸ್ತಿ ಹಿಡಿಯಾಕ ಬರೂದಿಲ್ಲ, ಎಲ್ಲಾ ಹಿಡದ್ರ ಗಾಳಿ ಅಲ್ಲೇ ನಿಂತಬಿಡ್ತೈತಿ, ಹಿಂದಿನ ಗಾಳಿಗೆ ದಾರಿ ಎಲ್ಲಿ? ಇನ್ನ ರೆಕ್ಕಿ ಮೂಗಿನ ಮ್ಯಾಲೆ ಧೂಳು, ಹುಳ ಕೂತ್ರ ಶಾಂತ ಪದರ ಬೇಗ ಕೆಟ್ಟು ಕರೆಂಟ್ ಕಡಿಮಿ ಬರ್ತೈತಿ. ಆಕಿ ಊರಿಂದ ಕೆಂಪು ಮಣ್ಣು ತಂದು ಜರಡಿ ಹಿಡದು ಮಾಡೆಲ್ ಮೂಗಿಗೆ ಅಂಟಿಸಿ ಅಳೀತಾಳ. ನನಗ ಲ್ಯಾಬಿನಾಗ ಎಲ್ಲಾದಕ್ಕಿಂತ ಚಂದ ಅನಸೋ ಪ್ರಯೋಗ ಅದ.

ಇಷ್ಟೆಲ್ಲಾ ಹೇಳಿ ಕಾಕಾನ ಬಿಟ್ರ ಲ್ಯಾಬಿನ ಅರ್ಧ ಬಿಟ್ಟಂಗ. ಕಾಕಾ ನಮ್ಮ ಟೆಕ್ನಿಷಿಯನ್, ಅಣ್ಣಿಗೇರಿ ಕಡೆಯ ಬಡಿಗತನದ ಮನಿಯವರು, ಅವರ ಅಪ್ಪ ಚಕ್ಕಡಿ, ಕೂರಿಗಿ ಮಾಡ್ತಿದ್ರಂತ. ಮೊದಲಿನ ಮಾಡೆಲ್ ಎಲ್ಲಾ ಇವರು ಸಾಗವಾನಿ ಕಟಿಗಿಯೊಳಗ ಕೈಲೆ ಮಾಡಿದ್ದು. ಈಗ ಥ್ರೀಡಿ ಪ್ರಿಂಟರ್ ಬಂದೈತಿ, ನನ್ನ ರೆಕ್ಕಿನೂ ಅದರಾಗ ಮಾಡಿಸಿದ್ದೆ, ಮೂಗಿನ ಭಾಗ ಬ್ಯಾರೆ, ಮೈ ಬ್ಯಾರೆ, ಕೂಡಿಸಿ ಕಪ್ಪು ಬಣ್ಣ ಹೊಡದಿದ್ವಿ. ಸೆಕೆಂಡಿಗೆ 12 ಮೀಟರ್ ಗಾಳಿಗೆ ಇಂಥ ಸಣ್ಣ ರೆಕ್ಕಿ ಮ್ಯಾಲೆ ಗಾಳಿ ಒಂಚೂರು ಬಿಟ್ಟು, ಗದ್ದಲಕ್ಕ ಬಿದ್ದು, ತಿರುಗಿ ಬಂದು ಹತ್ತಬೇಕು, ನಡುವ ಒಂದು ಗುಳ್ಳಿ ಉಳೀಬೇಕು. ನನ್ನ ಥೀಸಿಸ್ಸ ಆ ಗುಳ್ಳಿ ಮ್ಯಾಲೆ. ಗುಳ್ಳಿನ ಬರಲಿಲ್ಲ.

ಮೂರು ವಾರ ಹ್ವಾದುವು. ಹಾಟ್ ವೈರ್ ಅಂತ ಐತಿ, 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿ, ಕೂದಲಕ್ಕಿಂತ ಎಷ್ಟೋ ತೆಳ್ಳಗ, ಅದನ್ನ ಕಾಯಿಸಿ ಇಟ್ರ ಗಾಳಿ ಎಷ್ಟು ತಣ್ಣಗ ಮಾಡ್ತೈತಿ ಅನ್ನೋದರ ಮ್ಯಾಲೆ ವೇಗ ತಿಳೀತೈತಿ. ಅಂಥಾವು ಎರಡು ತಂತಿ ಹರಕೊಂಡೆ, ಕ್ಯಾಲಿಬ್ರೇಶನ್ ಮತ್ತ ಮತ್ತ ಮಾಡಿದೆ, ಒಂದಿನ ರಾತ್ರಿ ಅಳೂನೂ ಬಂತು. ಮರುದಿನ ಕಾಕಾ ಚಹಾ ಕುಡದು ಬಂದು, ಏನೂ ಕೇಳದ ರೆಕ್ಕಿ ಕೈಯಾಗ ತಗೊಂಡು ಕಣ್ಣ ಮುಚ್ಚಿ ಮೂಗಿನಿಂದ ಹಿಂದಕ್ಕ ಉಗುರು ಎಳದ್ರು.

"ಯವ್ವಾ, ಇಲ್ಲೆ ಉಗುರು ತಡೀತೈತಿ ನೋಡು."

ಜೋಡಿಸಿದ ಕಡೆ ಅರ್ಧ ಮಿಲಿಮೀಟರಿಗಿಂತ ಕಡಿಮಿ ಏರು. ಬಣ್ಣದಾಗ ನನ್ನ ಕಣ್ಣಿಗೆ ಕಂಡಿರಲಿಲ್ಲ, ಗಾಳಿಗೆ ಕಂಡಿತ್ತು. ಆ ಏರಿಗೆ ಎಡವಿ ಪದರ ಮೊದ್ಲ ಗದ್ದಲಕ್ಕ ಬೀಳ್ತಿತ್ತು, ಆಮ್ಯಾಲೆ ಗುಳ್ಳಿ ಎಲ್ಲಿಂದ ಬರಬೇಕು. ಕಾಕಾ ಮಧ್ಯಾಹ್ನ ಪೂರಾ ಕೂತು ನೀರು ಹಚ್ಚಿ ಪಾಲಿಶ್ ಪೇಪರಿಲೆ ತಿಕ್ಕಿದ್ರು. ಆ ಸಂಜಿ ಗುಳ್ಳಿ ಬಂತು, ನಾನು ಮೇಡಂಗೆ ಫೋನ್ ಮಾಡಿದೆ, ಸೀನಿಯರ್ ಅಣ್ಣ ಎಲ್ಲಾರಿಗೂ ಗಿರ್ಮಿಟ್ ತಂದ.

ಪೇಪರ್ ಬರಿಯೋ ಮುಂದ ಕಾಕಾನ ಹೆಸರು ಲೇಖಕರ ಸಾಲಿನಾಗ ಹಾಕಬೇಕು ಅಂದೆ. ಹಂಗ ರೂಢಿ ಇಲ್ಲ, ಕೊನಿಗೆ ಥ್ಯಾಂಕ್ಸ್ ಹೇಳಿದ್ರ ಸಾಕು ಅಂದವರು ಇದ್ರು. ನನಗ ಅದು ಸರಿ ಅನಸಲಿಲ್ಲ, ಇವತ್ತಿಗೂ ಅನಸೂದಿಲ್ಲ, ತಪ್ಪು ಎಲ್ಲೈತಿ ಅಂತ ಹಿಡದವರು ಅವರು. ಮೇಡಂ ಒಂದಿನ ವಿಚಾರ ಮಾಡಿ ಹಾಕು ಅಂದ್ರು. ಮೂರನೇ ಹೆಸರು ಕಾಕಾಂದು.

ಈಗ ಶನಿವಾರಕ್ಕೊಮ್ಮೆ ಅವರ ಕೈಕೆಳಗ ಸಾಗವಾನಿಯೊಳಗ ರೆಕ್ಕಿ ಮಾಡೂದು ಕಲಿಯಾಕತ್ತೇನಿ. ತಗಡಿನ ಅಚ್ಚು ಇಟ್ಟು, ಬೆಳಕಿಗೆ ಹಿಡದು, ಸಂದಿಯಾಗ ಬೆಳಕು ಕಂಡಲ್ಲಿ ಮತ್ತ ತಿಕ್ಕೂದು. ಮೊನ್ನೆ ಮುಗೀತು ಅಂತ ಒಯ್ದು ಕೊಟ್ಟೆ. ಕಾಕಾ ಕಣ್ಣ ಮುಚ್ಚಿ ಉಗುರು ಎಳದು, ನಡುವ ಒಂದು ಕಡೆ ನಿಲ್ಲಿಸಿ, ತಿರುಗಿ ನನ್ನ ಕೈಯಾಗ ಇಟ್ರು.